ಮಿಷಿಗನ್ ತಂಡದ ಹೆಲ್ಮೆಟ್ ಮೇಲಿನ ರೆಕ್ಕೆ ಎಲ್ಲಿಂದ ಬಂತು?

ಪ್ರಶ್ನೆ (ಶನಿವಾರದ ಪ್ರೇಕ್ಷಕ)

ಮಗಳು ಓದುತ್ತಿರುವ ಆನ್ ಆರ್ಬರ್‌ಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಹೆಲ್ಮೆಟ್ಟನ್ನು ಕೈಗೆತ್ತಿಕೊಂಡು ನೋಡಿದೆ. ಕಡುನೀಲಿ ಬಣ್ಣದ ಮೇಲೆ, ಹಣೆಯ ಎರಡೂ ಬದಿಗೆ ಚಾಚಿದ ಹಳದಿ ರೆಕ್ಕೆ; ಅಲ್ಲಿಂದ ಹಿಂದಲೆಯತ್ತ ಸಾಗುವ ಮೂರು ಪಟ್ಟಿಗಳು. ಬೆರಳಾಡಿಸಿದರೆ ಎಲ್ಲವೂ ನುಣುಪು, ಪಟ್ಟಿಗೆ ಉಬ್ಬೂ ಇಲ್ಲ, ಹೊಲಿಗೆಯೂ ಇಲ್ಲ. ಬರೀ ಅಲಂಕಾರವಾಗಿದ್ದರೆ ಇಂತಹ ಆಕಾರವನ್ನೇ ಏಕೆ ಆರಿಸಿಕೊಂಡರು? ಉಡುಪಿನ ಉಳಿದ ಭಾಗವೂ ಇಷ್ಟೇ ಹಳೆಯದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಹಳೆಯ ಚರ್ಮ)

ನೀವು ಹುಡುಕಿದ ಹೊಲಿಗೆ ಒಂದು ಕಾಲದಲ್ಲಿ ನಿಜವಾಗಿಯೂ ಇತ್ತು. 1930ರ ದಶಕದಲ್ಲಿ ಹೆಲ್ಮೆಟ್‌ಗಳನ್ನು ಚರ್ಮದಿಂದ ಮಾಡುತ್ತಿದ್ದರು. ಸ್ಪಾಲ್ಡಿಂಗ್ ಕಂಪನಿಯ ಒಂದು ಮಾದರಿಯಲ್ಲಿ ಹಣೆಯ ರಕ್ಷಣೆಗೆಂದು ಹೊಲಿದ ಹೆಚ್ಚುವರಿ ಪದರವು ರೆಕ್ಕೆಯಂತೆ ಕಾಣುತ್ತಿತ್ತು, ತಲೆಯ ಮೇಲೆ ಹಾದುಹೋಗುವ ಪಟ್ಟಿಗಳೂ ಅದರ ಭಾಗವೇ ಆಗಿದ್ದವು. ಪ್ರಿನ್ಸ್‌ಟನ್‌ನಲ್ಲಿ ತರಬೇತುದಾರರಾಗಿದ್ದ ಫ್ರಿಟ್ಜ್ ಕ್ರಿಸ್ಲರ್ 1935ರಲ್ಲಿ ಈ ಭಾಗಗಳಿಗೆ ಬೇರೆ ಬಣ್ಣ ಬಳಿಸಿದರು. 1938ರಲ್ಲಿ ಮಿಷಿಗನ್‌ಗೆ ಬಂದಾಗ ಅದೇ ಮಾದರಿಗೆ ಅಲ್ಲಿನ ನೀಲಿ ಮತ್ತು ಮೇಜ್ ಬಣ್ಣಗಳನ್ನು ಕೊಡಿಸಿದರು. ಮೇಜ್ ಎಂದರೆ ನಮ್ಮ ಮುಸುಕಿನ ಜೋಳ. ಆ ಹಳದಿಗೆ ಆ ಹೆಸರು ಎಷ್ಟು ಒಪ್ಪುತ್ತದೆಂಬುದು ತೆನೆ ಸುಲಿದವರಿಗೆಲ್ಲ ಗೊತ್ತು.

ಅವರ ಉದ್ದೇಶ ಅಂದಗಾಣಿಸುವುದಷ್ಟೇ ಆಗಿರಲಿಲ್ಲ. ಚೆಂಡನ್ನು ಮುಂದಕ್ಕೆ ಎಸೆಯುವ ಆಟಗಾರನಿಗೆ, ದೂರದಲ್ಲಿ ಓಡುತ್ತಿರುವ ತನ್ನವರು ಯಾರೆಂದು ಕ್ಷಣಾರ್ಧದಲ್ಲಿ ತಿಳಿಯಬೇಕು. ಚೆಂಡು ಹಿಡಿಯುವವರಿಗೆ ಮಾತ್ರ ಬೇರೆ ಬಣ್ಣದ ಹೆಲ್ಮೆಟ್ ಕೊಡುವ ರೂಢಿಯೂ ಆಗ ಕೆಲವೆಡೆ ಇತ್ತು. ಅದರಿಂದ ಎದುರಾಳಿಗೂ ಅಷ್ಟೇ ಅನುಕೂಲವಾಗುತ್ತದೆ ಎಂದು ಭಾವಿಸಿದ ಕ್ರಿಸ್ಲರ್, ಇಡೀ ತಂಡಕ್ಕೇ ರೆಕ್ಕೆ ತೊಡಿಸಿದರು. ಆ ವರ್ಷ ಅದೇ ರಾಜ್ಯದ ಬೇರೊಂದು ತಂಡವಾದ ಮಿಷಿಗನ್ ಸ್ಟೇಟ್ ವಿರುದ್ಧದ ಮೊದಲ ಪಂದ್ಯದಲ್ಲಿಯೇ ತಂಡ 14-0ಯಿಂದ ಗೆದ್ದಿತು. ಮುಂದೆ ಚರ್ಮ ಹೋಗಿ ಪ್ಲಾಸ್ಟಿಕ್ ಬಂದಾಗ ಹೊಲಿಗೆಯ ಅಗತ್ಯವೇ ಉಳಿಯಲಿಲ್ಲ, ಆದರೂ ಅದರ ಗೆರೆಗಳನ್ನು ಬಣ್ಣದಲ್ಲಿ ಹಾಗೆಯೇ ಉಳಿಸಿಕೊಂಡರು.

ಉತ್ತರ 2 (ತೊಂಬತ್ತೆಂಟು)

ಜೆರ್ಸಿಯಲ್ಲಿ ಬದಲಾವಣೆ ಹೆಚ್ಚು. ಉಣ್ಣೆ, ಹತ್ತಿ, ನೈಲಾನ್ ಎಲ್ಲವೂ ಬಂದು ಹೋಗಿ, ಈಗ ಮೈಗಂಟುವ ಹಿಗ್ಗುಬಟ್ಟೆ ಬಂದಿದೆ. ಸಂಖ್ಯೆಗಳಿಗಂತೂ ಆಟದ ನಿಯಮಗಳಲ್ಲೇ ಸ್ಥಾನವಿದೆ: 50ರಿಂದ 79ರವರೆಗಿನ ಸಂಖ್ಯೆ ತೊಟ್ಟವರು ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತಿಲ್ಲ.

ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 1940ರಲ್ಲಿ ಪಡೆದ ಟಾಮ್ ಹಾರ್ಮನ್ ಅವರ 98 ಸಂಖ್ಯೆಯನ್ನು ತಂಡ ಬೇರಾರಿಗೂ ಕೊಡದೆ ಕಾದಿರಿಸಿತ್ತು. ಅವರನ್ನು ಹಿಡಿಯಲು ಹೋದವರ ಕೈಗೆ ಬಟ್ಟೆ ಮಾತ್ರ ಸಿಕ್ಕಿ, ಜೆರ್ಸಿ ಚಿಂದಿಯಾಗಿರುವ ಚಿತ್ರ ಇಂದಿಗೂ ಪ್ರಸಿದ್ಧ. 2013ರಲ್ಲಿ ಡೆವಿನ್ ಗಾರ್ಡ್‌ನರ್ ಆ ಸಂಖ್ಯೆ ತೊಟ್ಟು ಆಡಿದರು; 2015ರಲ್ಲಿ ಅದನ್ನು ಮತ್ತೆ ಹಿಂದಕ್ಕೆ ಪಡೆದರು. ಅಷ್ಟು ವರ್ಷ ಯಾರೂ ಮುಟ್ಟದ ಸಂಖ್ಯೆ ಮೈದಾನಕ್ಕೆ ಇಳಿದದ್ದು ನನಗಂತೂ ಸಂತೋಷವನ್ನೇ ಕೊಟ್ಟಿತು, ಏಕೆಂದರೆ ಹಾರ್ಮನ್ ಹೆಸರನ್ನೇ ಕೇಳದ ಹುಡುಗರು ಆಗ ಅವರ ಕಥೆ ಕೇಳಿದರು.

ಉತ್ತರ 3 (ಹಸಿರು ಪಕ್ಷ)

ಮೇಲಿನ ಉತ್ತರಗಳನ್ನು ಓದಿದರೆ ಹಳೆಯದನ್ನು ಉಳಿಸಿಕೊಳ್ಳುವುದೇ ಹಿರಿಮೆ ಎನಿಸುತ್ತದೆ; ಅದನ್ನು ನಾನು ಒಪ್ಪಲಾರೆ. ಒರೆಗಾನ್ ವಿಶ್ವವಿದ್ಯಾಲಯವನ್ನು ನೋಡಿ. ಕ್ರೀಡಾ ಉಡುಪಿನ ನೈಕಿ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಫಿಲ್ ನೈಟ್ ಅಲ್ಲಿಯೇ ಓದಿದವರು. 1999ರಲ್ಲಿ ಆ ತಂಡ ತಳೆದ ‘ಓ’ ಚಿಹ್ನೆಯ ಹೊರಗೆರೆ ಹೇವರ್ಡ್ ಓಟದ ಅಂಗಳವನ್ನೂ ಒಳಗೆರೆ ಆಟ್ಜನ್ ಕ್ರೀಡಾಂಗಣವನ್ನೂ ಸೂಚಿಸುತ್ತದೆ. ಅಲ್ಲಿಂದೀಚೆಗೆ ಪಂದ್ಯಕ್ಕೊಂದು ಬಣ್ಣ, ಪಂದ್ಯಕ್ಕೊಂದು ಹೆಲ್ಮೆಟ್. 2012ರ ರೋಸ್ ಬೌಲ್ ಎಂಬ ಹೆಸರಾಂತ ಕಾಲೇಜು ಪಂದ್ಯದಲ್ಲಂತೂ ಕನ್ನಡಿಯಂತೆ ಹೊಳೆಯುವ ಹೆಲ್ಮೆಟ್ ತೊಟ್ಟು ವಿಸ್ಕಾನ್ಸಿನ್ ತಂಡವನ್ನು 45-38ರಿಂದ ಸೋಲಿಸಿದರು. ಹಳೆಯ ಹೆಸರಿನ ಬಲವಿಲ್ಲದ ತಂಡವು ದೂರದೂರಿನ ಹುಡುಗರನ್ನು ತನ್ನತ್ತ ಸೆಳೆಯಲು ಇದೂ ಒಂದು ಪ್ರಾಮಾಣಿಕ ದಾರಿ.

ಉತ್ತರ 4 (ಹಳೆಯ ಚರ್ಮ)

ಒರೆಗಾನ್ ವಿಷಯದಲ್ಲಿ ನಿಮ್ಮ ಮಾತು ಸರಿ. ಮಿಷಿಗನ್ ಕೂಡ ಹೊಸದನ್ನು ದೂರವಿಟ್ಟಿಲ್ಲ: 2011ರಲ್ಲಿ ತಮ್ಮ ಕ್ರೀಡಾಂಗಣದ ಮೊದಲ ರಾತ್ರಿ ಪಂದ್ಯಕ್ಕೆ ಹಳೆಯ ಕಾಲವನ್ನು ನೆನಪಿಸುವ ವಿಶೇಷ ಜೆರ್ಸಿ ತೊಟ್ಟು ನೋತ್ರ್ ಡೇಮ್ ತಂಡವನ್ನು 35-31ರಿಂದ ಮಣಿಸಿದರು. ಆದರೆ ಅಂದೂ ರೆಕ್ಕೆಯನ್ನು ಬಿಡಲಿಲ್ಲ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಡೆಲವೇರ್ ತಂಡದ ಹೆಲ್ಮೆಟ್ ಕಂಡರೆ ಮಿಷಿಗನ್ನಿನದೆಂದು ಭ್ರಮಿಸಬೇಡಿ. ಕ್ರಿಸ್ಲರ್ ಕೈಕೆಳಗೆ ಆಡಿದ್ದ ಡೇವಿಡ್ ನೆಲ್ಸನ್ 1951ರಲ್ಲಿ ಅಲ್ಲಿ ತರಬೇತುದಾರರಾದಾಗ, ತಮ್ಮ ಗುರುವಿನ ರೆಕ್ಕೆಯನ್ನು ಅಲ್ಲಿಗೂ ಕೊಂಡೊಯ್ದರು.