‘ಫಿಶ್ ಫೈಂಡರ್’ಗೆ ಕನ್ನಡ ಪದ: ನಾಳೆ ಅಚ್ಚಿಗೆ ಕೊಡಬೇಕು

ಬೀದರ್‌ನಿಂದ:

ಎಲ್ಲರಿಗೂ ಶರಣು. ಕಾರಂಜಾ ಜಲಾಶಯದ ಮೀನುಗಾರರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ದೋಣಿಗೆ ಜಿಪಿಎಸ್ ಇರುವ ಫಿಶ್ ಫೈಂಡರ್ ಕೊಳ್ಳುವಾಗ ಏನೇನು ನೋಡಬೇಕು ಎಂಬುದು ವಿಷಯ. ಸದ್ಯಕ್ಕೆ ‘ಮೀನುಶೋಧಕ’ ಎಂದು ಬರೆದುಕೊಂಡಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ. ಜಿಪಿಎಸ್ಸೇ ಮೀನನ್ನು ಹುಡುಕಿಕೊಡುತ್ತದೆ ಎಂದು ನಂಬಿದವರನ್ನು ಕಂಡಿದ್ದೇನೆ. ಉಪಗ್ರಹದ ಸಂಕೇತ ನೀರಿನ ಆಳಕ್ಕೆ ಇಳಿಯುವುದಿಲ್ಲ; ದೋಣಿ ಎಲ್ಲಿದೆ ಎಂದಷ್ಟೇ ಅದು ಹೇಳುತ್ತದೆ. ಮೀನಿನ ಸುಳಿವು ಕೊಡುವುದು ನೀರಿಗೆ ತಾಗುವಂತೆ ದೋಣಿಗೆ ಕೂರಿಸಿದ ಟ್ರಾನ್ಸ್‌ಡ್ಯೂಸರ್. ಅದು ಕಳಿಸಿದ ಶಬ್ದ ಮೀನಿನೊಳಗಿನ ಗಾಳಿಚೀಲಕ್ಕೆ ಬಡಿದು ಮರಳುತ್ತದೆ, ಹೋಗಿಬಂದ ಹೊತ್ತಿನಿಂದ ಆಳ ತಿಳಿಯುತ್ತದೆ. ಈ ಎರಡು ಕೆಲಸಗಳನ್ನು ಗೊಂದಲಗೊಳಿಸದ ಪದ ಬೇಕು. ಜೊತೆಗೆ ಬೇಕಾದ ಜಾಗವನ್ನು ಜಿಪಿಎಸ್‌ನಲ್ಲಿ ನೆನಪಿಟ್ಟುಕೊಳ್ಳುವ ‘ವೇ ಪಾಯಿಂಟ್’ ಮತ್ತು ಪರದೆಯ ಮೇಲೆ ಮೀನು ಮೂಡಿಸುವ ‘ಆರ್ಚ್’, ಇವಕ್ಕೂ ಪದ ಹೇಳಿ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು.

ಕಲಬುರಗಿಯಿಂದ:

‘ಮೀನುಶೋಧಕ’ ಸಲ್ಲದು. ಕನ್ನಡದ ‘ಮೀನು’ವಿಗೆ ಸಂಸ್ಕೃತದ ‘ಶೋಧಕ’ವನ್ನು ಕಟ್ಟಿದರೆ ಅರಿಸಮಾಸ. ಇಂಥ ಬೆರಕೆ ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಒಂಬತ್ತನೆಯ ಶತಮಾನದಲ್ಲೇ ಕವಿರಾಜಮಾರ್ಗ ಎಚ್ಚರಿಸಿದೆ. ಆ ಮಾತು ನಮ್ಮ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದ್ದು. ಈ ಮಣ್ಣಿನವರೇ ಅದನ್ನು ಮರೆತರೆ ಇನ್ನಾರು ನೆನೆಯಬೇಕು? ಅರಸು ಎಂದರೆ ಹುಡುಕು; ‘ಮೀನರಸುಕ’ ಎಂದು ಬರೆಯಿರಿ. ಆರ್ಚ್‌ಗೆ ‘ಬಿಲ್ಲು’, ವೇ ಪಾಯಿಂಟ್‌ಗೆ ‘ಎಡೆಗುರುತು’. ಮುಗಿಯಿತು.

ಯಾದಗಿರಿಯಿಂದ:

ಮುಗಿದಿಲ್ಲ ಗುರುಗಳೇ. ‘ಮೀನರಸುಕ’ ಎಂದರೆ ಓದುವವನ ಕಣ್ಣಿಗೆ ಮೊದಲು ಬೀಳುವುದು ‘ಮೀನರಸು’, ಮೀನುಗಳ ರಾಜ. ಅಲ್ಲದೆ ಈ ‘ಕ’ ಪ್ರತ್ಯಯ ಕುಡುಕ, ತಿರುಕ ಎಂದು ಮನುಷ್ಯರಿಗೆ ಅಂಟಿದ್ದು, ಅದೂ ಗೌರವಕ್ಕಲ್ಲ. ಸಲಕರಣೆಗೆ ನಮ್ಮಲ್ಲಿ ಬಾಚಣಿಗೆಯಂಥ ಪದಗಳಿವೆ. ಹಾಗೆಂದು ‘ಮೀನುಕಾಣಿಕೆ’ ಎನ್ನಲು ಹೋದರೆ ದೇವರಿಗೆ ಮೀನು ಒಪ್ಪಿಸಿದಂತಾಗುತ್ತದೆ.

ಅರಿಸಮಾಸದ ಮಾತು ಬಂದದ್ದರಿಂದ ಹೇಳುತ್ತೇನೆ: ‘ಮೀನ’ ಸಂಸ್ಕೃತದಲ್ಲೂ ಇದೆ, ರಾಶಿಯ ಹೆಸರೇ ಆಗಿದೆ. ದ್ರಾವಿಡದಿಂದಲೇ ಅಲ್ಲಿಗೆ ಹೋಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ‘ಮೀನಶೋಧಕ’ಕ್ಕೆ ನಿಮ್ಮ ಸೂತ್ರದ ಅಡ್ಡಿ ಏನು?

ನನ್ನ ತಕರಾರು ವ್ಯಾಕರಣದ್ದಲ್ಲ, ಅರ್ಥದ್ದು. ಆ ಯಂತ್ರ ಏನನ್ನೂ ಶೋಧಿಸುವುದಿಲ್ಲ. ಲಾಟೀನಿನ ಬೆಳಕು ಹರಡುವಂತೆ ಅದರ ಶಬ್ದ ಕೆಳಗೆ ಹರಡುತ್ತದೆ. ಹರವು 20 ಡಿಗ್ರಿ ಇದ್ದರೆ, 30 ಅಡಿ ಆಳದಲ್ಲಿ ಅದು ಕಾಣುವುದು ಸುಮಾರು 10 ಅಡಿ ಅಗಲದ ವೃತ್ತವನ್ನು ಮಾತ್ರ. ಹುಡುಕುವವನು ಅಂಬಿಗ, ಯಂತ್ರ ತೋರುತ್ತದೆ. ‘ಮೀನುತೋರುವ ಯಂತ್ರ’ ಎಂದರೆ ಸಾಕು.

ವೇ ಪಾಯಿಂಟ್‌ಗೆ ಬರೀ ‘ಗುರುತು’ ಎನ್ನಿ. ನಾನು ಭೀಮೆಯ ದಡದವನು. ನಮ್ಮ ಅಜ್ಜ ಬೇವಿನ ಮರವನ್ನೂ ಗುಡಿಯ ಶಿಖರವನ್ನೂ ಒಂದೇ ಗೆರೆಗೆ ತಂದು ಮಡುವಿನ ಜಾಗ ಹಿಡಿಯುತ್ತಿದ್ದರು, ಅದನ್ನು ಗುರುತು ಎಂದೇ ಕರೆಯುತ್ತಿದ್ದರು. ಗುಂಡಿ ಒತ್ತಿ ಮಾಡುವುದೂ ಅದೇ ಕೆಲಸ. ಯಂತ್ರದ ಹೆಸರನ್ನು ಮಾತ್ರ ‘ಫಿಶ್ ಫೈಂಡರ್’ ಎಂದೂ ಬರೆಯಿರಿ. ಅಂಗಡಿಯಲ್ಲಿ ಕೇಳಬೇಕಾದದ್ದು ಆ ಹೆಸರನ್ನೇ.

ಕಲಬುರಗಿಯಿಂದ:

ಅಂಗಡಿಯವನು ಭಾಷೆಯ ಯಜಮಾನನಲ್ಲ. ಇಂದು ಫೈಂಡರ್, ನಾಳೆ ಬಲೆಗೆ ನೆಟ್, ಹುಟ್ಟಿಗೆ ಪ್ಯಾಡಲ್. ‘ಗುರುತು’ ಒಳ್ಳೆಯ ಪದ, ಒಪ್ಪಿದೆ. ಉಳಿದದ್ದನ್ನು ಒಪ್ಪುವುದಿಲ್ಲ.

ಯಾದಗಿರಿಯಿಂದ:

ಬಲೆಯೂ ಹುಟ್ಟೂ ನಮ್ಮಲ್ಲಿ ಮೊದಲಿನಿಂದ ಇದ್ದವು, ಅವುಗಳ ಹೆಸರು ಎಲ್ಲಿಗೂ ಹೋಗುವುದಿಲ್ಲ. ಇಲ್ಲದ ವಸ್ತು ಹೆಸರು ಹೊತ್ತುಕೊಂಡೇ ಬರುತ್ತದೆ. ದವಾಖಾನೆ, ತಹಸೀಲು, ಬಜಾರ ಎನ್ನದೆ ನಮ್ಮ ಮೂರು ಜಿಲ್ಲೆಗಳಲ್ಲಿ ಒಂದು ದಿನ ಕಳೆಯಲು ಆಗುತ್ತದೆಯೇ? ಅದರಿಂದ ನಮ್ಮ ಕನ್ನಡ ಬಡವಾಗಲಿಲ್ಲ.

ಬೀದರ್‌ನಿಂದ:

ಇಬ್ಬರಿಗೂ ಶರಣು. ಹೀಗೆ ತೀರ್ಮಾನಿಸಿದ್ದೇನೆ. ಮೊದಲ ಸಲ ‘ಮೀನುತೋರುವ ಯಂತ್ರ, ಅಂದರೆ ಫಿಶ್ ಫೈಂಡರ್’. ಆಮೇಲೆ ಬರೀ ‘ಯಂತ್ರ’. ವೇ ಪಾಯಿಂಟ್ ‘ಗುರುತು’. ‘ಮಡು’ ನನಗೆ ಹೊಳೆದಿರಲಿಲ್ಲ. ಆಳದ ನಕ್ಷೆಯ ಭಾಗದಲ್ಲಿ ಅದನ್ನೇ ಬಳಸುತ್ತೇನೆ. ಕಡಲಿನ ನಕ್ಷೆ ತುಂಬಿದ ಯಂತ್ರಕ್ಕೆ ಹೆಚ್ಚು ಹಣ ಕೊಟ್ಟರೆ ಕಾರಂಜಾದಲ್ಲಿ ಉಪಯೋಗವಿಲ್ಲ, ಓಡಾಡುತ್ತ ತಾನೇ ಆಳದ ನಕ್ಷೆ ಬರೆದುಕೊಳ್ಳುವ ಯಂತ್ರವನ್ನು ಕೊಳ್ಳಿರಿ ಎಂದು ಹೇಳಬೇಕಿತ್ತು. ಹಾಗೆಯೇ ನಮ್ಮ ನೀರಿಗೆ 200 ಕಿಲೋಹರ್ಟ್ಸ್ ಕಂಪನದ ಶಬ್ದ ಸಾಕು, 50 ಇರುವುದು ಆಳ ಕಡಲಿಗೆ.

ಆರ್ಚ್‌ಗೆ ‘ಬಿಲ್ಲು’ ಬೇಡ, ‘ಕಮಾನು’ ಇಟ್ಟುಕೊಂಡಿದ್ದೇನೆ. ಫಾರಸಿಯಲ್ಲಿ ಆ ಪದಕ್ಕೆ ಬಿಲ್ಲು ಎಂದೇ ಅರ್ಥ, ಆದರೆ ಬೀದರ್ ಕೋಟೆಯ ಬಾಗಿಲುಗಳನ್ನು ಕಂಡವರಿಗೆ ಕಮಾನು ಎಂದರೆ ಆಕಾರ ಕಣ್ಣಮುಂದೆ ಬರುತ್ತದೆ. ಶಬ್ದದ ಹರವಿನ ಅಂಚಿಗೆ ಬಂದಾಗ ಮೀನು ದೂರ, ನಡುವೆ ಹತ್ತಿರ, ದಾಟುವಾಗ ಮತ್ತೆ ದೂರ. ಹಾಗಾಗಿ ಗೆರೆ ಮೇಲೇರಿ ಇಳಿಯುತ್ತದೆ. ಇದನ್ನು ವಿವರಿಸಲು ನನಗೆ ಬೇರೆ ಪದ ಒದಗಲಿಲ್ಲ.

‘ಟ್ರಾನ್ಸ್‌ಡ್ಯೂಸರ್’ ಹಾಗೆಯೇ ಉಳಿದಿದೆ. ಯಾರಿಗಾದರೂ ಹೊಳೆದರೆ ಇಂದು ರಾತ್ರಿ ಹತ್ತರೊಳಗೆ ಬರೆಯಿರಿ.