ಮೆಂಡೋಜಾದ ದ್ರಾಕ್ಷಿ ಸೀಮೆಗೆ ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಪ್ರಶ್ನೆ

ಆರ್ಜೆಂಟೀನಾದ ಮೆಂಡೋಜಾ ಪ್ರಾಂತ್ಯಕ್ಕೆ ಒಂದು ವಾರದ ಮಟ್ಟಿಗೆ ಹೋಗಿಬರಬೇಕೆಂದು ನಾನೂ ನನ್ನ ಪತ್ನಿಯೂ ಯೋಚಿಸಿದ್ದೇವೆ. ಆಂಡೀಸ್ ಪರ್ವತಗಳ ಬುಡದಲ್ಲಿರುವ ದ್ರಾಕ್ಷಿ ತೋಟಗಳನ್ನೂ ವೈನರಿಗಳನ್ನೂ ನೋಡುವುದು ಮುಖ್ಯ ಉದ್ದೇಶ. ಅಕೊಂಕಾಗುವಾ ಶಿಖರವನ್ನು ದೂರದಿಂದಲಾದರೂ ಕಣ್ತುಂಬ ನೋಡಬೇಕೆಂಬ ಆಸೆಯೂ ಇದೆ. ಮಾರ್ಚ್ ಆರಂಭದ ಕೊಯ್ಲಿನ ಹಬ್ಬಕ್ಕೆ ಹೊಂದಿಸಿಕೊಂಡು ಹೋಗಿ ಎಂದು ಹಲವರು ಹೇಳುತ್ತಾರೆ, ಆದರೆ ಜನಸಂದಣಿ ನಮಗಿಬ್ಬರಿಗೂ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿನ ಋತುಮಾನ ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಮೊದಲ ಉತ್ತರ

ಜನಸಂದಣಿ ಒಗ್ಗುವುದಿಲ್ಲವೆಂದರೆ ಹಬ್ಬದ ವಾರವನ್ನು ಬಿಟ್ಟುಬಿಡಿ. 1936ರಿಂದ ನಡೆದುಕೊಂಡು ಬಂದಿರುವ ವೆಂಡಿಮಿಯಾ ಹಬ್ಬ ಸೊಗಸಾದದ್ದೇ, ಆದರೆ ಅದರ ಸೊಗಸೆಲ್ಲ ಮೆರವಣಿಗೆ, ಬಯಲು ರಂಗಮಂದಿರದ ಪ್ರದರ್ಶನ ಮತ್ತು ಕೊಯ್ಲಿನ ರಾಣಿಯ ಆಯ್ಕೆಯಲ್ಲಿದೆ. ತೋಟ ನೋಡಬೇಕೆಂದು ಬಂದವರಿಗೆ ಅದರಿಂದ ದೊರೆಯುವುದು ಕಡಿಮೆ, ಹೋಟೆಲ್ ಕೋಣೆ ಸಿಗುವುದಂತೂ ಇನ್ನೂ ಕಷ್ಟ.

ಕೊಯ್ಲು ಒಂದು ವಾರದಲ್ಲಿ ಮುಗಿಯುವ ಕೆಲಸವಲ್ಲವೆಂಬುದನ್ನು ಗಮನಿಸಬೇಕು. ನೊರೆವೈನ್‌ಗೆ ಬೇಕಾದ ದ್ರಾಕ್ಷಿಯನ್ನೂ ಬಿಳಿ ತಳಿಗಳನ್ನೂ ಫೆಬ್ರವರಿಯಲ್ಲೇ ಕೊಯ್ಯತೊಡಗುತ್ತಾರೆ, ನಗರಕ್ಕೆ ಸಮೀಪದ ಮೈಪೂ ಮತ್ತು ಲುಹಾನ್ ದೆ ಕೂಯೋ ತೋಟಗಳ ಮಾಲ್ಬೆಕ್ ಎಂಬ ಕೆಂಪು ವೈನಿನ ದ್ರಾಕ್ಷಿ ಮಾರ್ಚ್‌ನಲ್ಲಿ ಹದಕ್ಕೆ ಬರುತ್ತದೆ, ದಕ್ಷಿಣಕ್ಕಿರುವ ಊಕೋ ಕಣಿವೆಯ ಎತ್ತರದ ತೋಟಗಳಲ್ಲಿ ಅದೇ ಮಾಲ್ಬೆಕ್ ಏಪ್ರಿಲ್‌ವರೆಗೂ ಬಳ್ಳಿಯ ಮೇಲೆ ಉಳಿಯುತ್ತದೆ. ಪ್ರತಿ 100 ಮೀಟರ್ ಎತ್ತರಕ್ಕೆ ತಾಪಮಾನ ಸುಮಾರು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಇಳಿಯುವುದೇ ಇದಕ್ಕೆ ಕಾರಣ. ಊಕೋದ ಕೆಲವು ತೋಟಗಳು 1,400 ಮೀಟರ್‌ಗೂ ಮೇಲಿವೆ.

ಹೀಗಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗಿನ ಅವಧಿಯೇ ನಿಮಗೆ ಸೂಕ್ತವೆಂದು ನನ್ನ ಅಭಿಪ್ರಾಯ. ಈಸ್ಟರ್ ವಾರದ ರಜೆ ನಡುವೆ ಬರುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ. ಕೈಯಿಂದ ಕೊಯ್ಯುವ ತೋಟವೊಂದನ್ನು ತಪ್ಪದೆ ನೋಡಿ: ಕೊಯ್ಯುವವರು ಸುಮಾರು 20 ಕಿಲೋ ಹಿಡಿಯುವ ಡಬ್ಬವನ್ನು ತುಂಬಿ, ಹೆಗಲ ಮೇಲಿಟ್ಟು ಓಡಿಹೋಗಿ ಲಾರಿಗೆ ಸುರಿದು, ಪ್ರತಿ ಡಬ್ಬಕ್ಕೆ ಒಂದು ಬಿಲ್ಲೆ ಪಡೆಯುತ್ತಾರೆ. ಕೂಲಿ ಲೆಕ್ಕವಾಗುವುದು ಆ ಬಿಲ್ಲೆಗಳಿಂದಲೇ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತಲೇ, ಅಲ್ಲಿ ವಸಂತಕಾಲವಾದ ನವೆಂಬರ್‌ನ ಪರವಾಗಿ ಎರಡು ಮಾತು ಹೇಳಬಯಸುತ್ತೇನೆ. ಕೊಯ್ಲಿನ ಕಾಲದಲ್ಲಿ ವೈನ್ ತಯಾರಿಸುವವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ನೀವು ಮಾತನಾಡುವುದು ಪ್ರವಾಸಿಗರಿಗಾಗಿ ನೇಮಿಸಿದ ಮಾರ್ಗದರ್ಶಿಯ ಜೊತೆಗಷ್ಟೇ. ನವೆಂಬರ್‌ನಲ್ಲಾದರೆ, ಚಿಕ್ಕ ವೈನರಿಗಳಲ್ಲಿ ಮಾಲೀಕರೇ ಪೀಪಾಯಿಯಿಂದ ಎಳೆಯ ವೈನ್ ತೆಗೆದು ರುಚಿ ತೋರಿಸುವ ಸಾಧ್ಯತೆ ಹೆಚ್ಚು. ಬೆಟ್ಟಗಳ ಮೇಲೆ ಹಿಮ ಇನ್ನೂ ದಟ್ಟವಾಗಿರುತ್ತದೆ, ಅದು ಕರಗಿದ ನೀರು ಕಾಲುವೆಗಳಲ್ಲಿ ಹರಿದು ಬರುತ್ತಿರುತ್ತದೆ. ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆಯಷ್ಟೇ ಬೀಳುವ ಆ ಒಣ ನಾಡಿನಲ್ಲಿ ತೋಟಗಳು ಬದುಕುವುದೇ ಆ ನೀರಿನಿಂದ. ಹೂ ಬಿಡುವುದೂ ಆಗಲೇ. ದ್ರಾಕ್ಷಿ ಹೂವು ಎಷ್ಟು ಚಿಕ್ಕದೆಂದರೆ ಯಾರಾದರೂ ತೋರಿಸದಿದ್ದರೆ ಕಣ್ಣಿಗೇ ಬೀಳದು. ದಳಗಳು ಅರಳುವ ಬದಲು ಪುಟ್ಟ ಟೋಪಿಯಂತೆ ಒಟ್ಟಾಗಿ ಕಳಚಿ ಬೀಳುತ್ತವೆ.

ಕುಂದುಗಳಿಲ್ಲವೆಂದಲ್ಲ. ಆಂಡೀಸ್‌ನಿಂದ ಇಳಿದು ಬರುವ ಜೋಂಡಾ ಎಂಬ ಬಿಸಿ ಒಣಗಾಳಿ ಚಳಿಗಾಲದಲ್ಲೂ ವಸಂತದಲ್ಲೂ ಬೀಸುತ್ತದೆ; ಅದು ಬೀಸಿದ ದಿನ ಧೂಳು ಮತ್ತು ಸೆಖೆಯಿಂದ ಹೊರಗೆ ತಿರುಗಾಡುವುದೇ ಬೇಡವೆನಿಸುತ್ತದೆ. ವಸಂತದ ಕೊನೆಯಿಂದ ಬೇಸಿಗೆಯುದ್ದಕ್ಕೂ ಆಲಿಕಲ್ಲಿನ ಭಯವಿರುತ್ತದೆ, ತೋಟಗಳ ಮೇಲೆ ಬಲೆ ಹೊದಿಸಿರುವುದು ಅದಕ್ಕಾಗಿಯೇ. ಜನವರಿಯಂತೂ ಬೇಡ. ಮಧ್ಯಾಹ್ನದ ಬಿಸಿಲನ್ನು ತಾಳಲಾಗುವುದಿಲ್ಲ.

ಮೂರನೆಯ ಉತ್ತರ

ಅಕೊಂಕಾಗುವಾ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಇಷ್ಟು ಸೇರಿಸುತ್ತೇನೆ. 6,961 ಮೀಟರ್ ಎತ್ತರದ ಈ ಶಿಖರವನ್ನು ಹತ್ತದೆ ನೋಡಲು, ಚಿಲಿಯ ಕಡೆಗೆ ಸಾಗುವ 7ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗಿ, ಅಕೊಂಕಾಗುವಾ ಉದ್ಯಾನದ ಪ್ರವೇಶದ್ವಾರದ ಬಳಿಯ ಓರ್ಕೋನೆಸ್ ಸರೋವರದವರೆಗೆ ನಡೆದರೆ ಸಾಕು. ಚಳಿಗಾಲದಲ್ಲಿ ಹಿಮ ಬಿದ್ದು ಈ ದಾರಿಯನ್ನು ದಿನಗಟ್ಟಲೆ ಮುಚ್ಚುವುದುಂಟು, ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಶಿಖರವನ್ನು ನಂಬಿಕೊಂಡು ಹೋಗಬಾರದು. ನವೆಂಬರ್ ಆಗಲಿ ಏಪ್ರಿಲ್ ಆಗಲಿ ದಾರಿ ಸಾಮಾನ್ಯವಾಗಿ ತೆರೆದಿರುತ್ತದೆ, ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಬೆಟ್ಟದ ದಿನವನ್ನು ಭಾನುವಾರಕ್ಕೆ ಇಟ್ಟುಕೊಳ್ಳುವುದು ಜಾಣತನ, ಏಕೆಂದರೆ ಹಲವು ವೈನರಿಗಳು ಅಂದು ಬಾಗಿಲು ತೆರೆಯುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಏಪ್ರಿಲ್‌ನ ಎರಡನೆಯ ವಾರವೆಂದು ನಿಶ್ಚಯಿಸಿದ್ದೇವೆ. ನಗರದಲ್ಲೇ ಉಳಿದುಕೊಂಡು ಊಕೋ ಕಣಿವೆಗೆ ಹೋಗಿಬರಬಹುದೇ, ಅಥವಾ ಅಲ್ಲಿಯೇ ತಂಗಬೇಕೇ?

ಮೊದಲ ಉತ್ತರ ಬರೆದವರಿಂದ

ಎರಡು ರಾತ್ರಿಯಾದರೂ ಅಲ್ಲಿಯೇ ತಂಗಿ. ನಗರದಿಂದ ಹೋಗಲು ಒಂದೂವರೆ ಗಂಟೆಯ ಆಸುಪಾಸು ಬೇಕು, ವೈನ್ ರುಚಿ ನೋಡಿದ ಮೇಲೆ ನೀವೇ ಕಾರು ಓಡಿಸಿಕೊಂಡು ಮರಳುವಂತೆಯೂ ಇಲ್ಲ. ವೈನರಿಗಳಿಗೆ ಮುಂಗಡವಾಗಿ ಬರೆದು ಸಮಯ ಗೊತ್ತುಮಾಡಿಕೊಳ್ಳಿ. ಏಪ್ರಿಲ್‌ನಲ್ಲಿ ಹಗಲು ಹಿತವಾಗಿದ್ದರೂ ಆ ಎತ್ತರದಲ್ಲಿ ಸಂಜೆಯಾದೊಡನೆ ಚಳಿ ಇಳಿಯುವುದರಿಂದ ದಪ್ಪನೆಯ ಸ್ವೆಟರ್ ಜೊತೆಯಲ್ಲಿರಲಿ.