ತಾಯಿಯ ಹೆಸರಲ್ಲಿ ನಂಜನಗೂಡಿನಲ್ಲಿ ದಾನ: ಯಾವ ಸಂಸ್ಥೆಯನ್ನು ನಂಬುವುದು? (ಆಡಿಟರ್ ಜೊತೆ ಪ್ರಶ್ನೋತ್ತರ)

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮಸ್ಕಾರ ಸರ್. ನಮ್ಮ ತಾಯಿ ಹೋದ ವರ್ಷ ತೀರಿಕೊಂಡರು. ಅವರಿಗೆ ನಂಜುಂಡೇಶ್ವರ ಅಂದರೆ ಪ್ರಾಣ. ಅವರ ಹೆಸರಲ್ಲಿ ವರ್ಷಕ್ಕೆ ಐವತ್ತು ಸಾವಿರ ರೂಪಾಯಿ ನಂಜನಗೂಡಿನಲ್ಲೋ ಮೈಸೂರಿನಲ್ಲೋ ಒಂದು ಒಳ್ಳೆ ಕೆಲಸಕ್ಕೆ ಕೊಡೋಣ ಅಂತ ನಾನು, ನನ್ನ ತಂಗಿ ಮಾತಾಡಿಕೊಂಡಿದ್ದೇವೆ. ನೆಂಟರಿಗೆ ಗೊತ್ತಾಗಿದ್ದೇ ತಡ, ಅನ್ನದಾನ, ಗೋಶಾಲೆ, ಅನಾಥಾಶ್ರಮ ಅಂತ ವಾಟ್ಸಾಪ್‌ನಲ್ಲಿ ದಿನಾ ಒಂದೊಂದು ಕ್ಯೂಆರ್ ಕೋಡ್ ಬರುತ್ತಿದೆ. ಎಲ್ಲರ ಹತ್ತಿರವೂ 80ಜಿ ಇದೆಯಂತೆ. ಯಾರನ್ನು ನಂಬಲಿ?

ಉತ್ತರ (ಆಡಿಟರ್):
ನಮಸ್ಕಾರ ಮೇಡಂ. ಮೊದಲು ಈ 80ಜಿ ವಿಷಯ. ಅದು ದಾನ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿಗೆ ಸಂಬಂಧಿಸಿದ ನೋಂದಣಿ, ಅಷ್ಟೇ. ಅಲ್ಲಿ ಊಟ ಚೆನ್ನಾಗಿದೆಯಾ, ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ ಅಂತ ಆದಾಯ ತೆರಿಗೆ ಇಲಾಖೆಯವರು ಬಂದು ನೋಡಿ ಕೊಟ್ಟಿದ್ದಲ್ಲ. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಸಂಖ್ಯೆಯೂ ಹಾಗೇ. ಅದನ್ನು ದೊಡ್ಡದಾಗಿ ಬ್ಯಾನರ್‌ನಲ್ಲಿ ಹಾಕಿಕೊಂಡಿದ್ದರೆ 'ಸರ್ಕಾರ ಒಪ್ಪಿದ ಸಂಸ್ಥೆ' ಅಂತ ತಿಳಿಯಬೇಡಿ.

ಇನ್ನೊಂದು ಮಾತು. ಮಹಾರಾಷ್ಟ್ರ, ಗುಜರಾತ್‌ನಲ್ಲಿ ಟ್ರಸ್ಟ್‌ಗಳ ಮೇಲೆ ಕಣ್ಣಿಡಲು ಚಾರಿಟಿ ಕಮಿಷನರ್ ಇದ್ದಾರೆ. ನಮ್ಮ ಮೈಸೂರು ಭಾಗದಲ್ಲಿ ಅಂಥ ಕಚೇರಿ ಇಲ್ಲ. ಸಬ್ ರಿಜಿಸ್ಟ್ರಾರ್ ಹತ್ತಿರ ಟ್ರಸ್ಟ್ ಡೀಡ್ ನೋಂದಣಿ ಮಾಡಿಸಿದರೆ ಟ್ರಸ್ಟ್ ಆಯಿತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘಗಳಾದರೆ ವರ್ಷಾ ವರ್ಷ ಸಂಘಗಳ ರಿಜಿಸ್ಟ್ರಾರ್‌ಗೆ ಲೆಕ್ಕ ಕೊಡಬೇಕು. ಟ್ರಸ್ಟ್‌ಗೆ ಅದೂ ಇಲ್ಲ. ಹಾಗಾಗಿ ಲೆಕ್ಕ ಕೇಳುವ ಕೆಲಸ ದಾನಿಗಳ ಮೇಲೇ ಬೀಳುತ್ತದೆ. ಕೇಳಲು ಸಂಕೋಚ ಬೇಡ ಮೇಡಂ. ನಾನು ಆಡಿಟ್ ಮಾಡುವ ಒಳ್ಳೆ ಸಂಸ್ಥೆಗಳಲ್ಲಿ, ಲೆಕ್ಕ ಕೇಳುವ ದಾನಿ ಬಂದರೆ ಖುಷಿಪಡುತ್ತಾರೆ.

ಮೂರು ವರ್ಷದ ಆಡಿಟ್ ವರದಿ ಕೇಳಿ. ಸಣ್ಣ ಸಂಸ್ಥೆಯಾದರೆ ನಾಲ್ಕೈದು ಪುಟ ಇರುತ್ತದೆ. ಖರ್ಚಿನ ಕಡೆ ಸಂಬಳ, ದಿನಸಿ, ಔಷಧಿ, ಕರೆಂಟ್ ಬಿಲ್ ಹೀಗೆ ದಿನದ ಬದುಕು ಕಾಣಬೇಕು. 'ಕಾರ್ಯಕ್ರಮ ವೆಚ್ಚ' ಅಂತ ಒಂದೇ ಸಾಲಿನಲ್ಲಿ ಅರ್ಧ ಹಣ ಹೋಗಿದ್ದರೆ ಏನು ಕಾರ್ಯಕ್ರಮ ಅಂತ ಕೇಳಿ. ಟ್ರಸ್ಟಿಗಳಿಗೆ ಸಾಲ ಕೊಟ್ಟಿದ್ದರೆ, ಅಥವಾ ಟ್ರಸ್ಟಿಯ ಮನೆಗೇ ಬಾಡಿಗೆ ಹೋಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಸಂಬಳದ ಖರ್ಚು ಜಾಸ್ತಿ ಇದೆ ಅಂತ ಮಾತ್ರ ಗಾಬರಿಯಾಗಬೇಡಿ. ವೃದ್ಧಾಶ್ರಮದಲ್ಲಿ ರಾತ್ರಿ ಎದ್ದು ಬಟ್ಟೆ ಬದಲಿಸುವ ಆಯಾಗೆ ಸಂಬಳ ಕೊಡದೆ ಸೇವೆ ನಡೆಯುವುದಿಲ್ಲ.

ಅಳತೆಗೋಲು ಬೇಕಾದರೆ, ನಮ್ಮ ಜಿಲ್ಲೆಯ ಸರಗೂರು, ಎಚ್.ಡಿ. ಕೋಟೆ ಕಡೆ 1984ರಿಂದ ಕೆಲಸ ಮಾಡುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನ ವಾರ್ಷಿಕ ವರದಿಯನ್ನು ತೆಗೆದು ಓದಿ. ಅವರಿಗೇ ಕೊಡಿ ಅಂತಲ್ಲ. ಲೆಕ್ಕ ಒಪ್ಪಿಸುವುದು ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿಯಾಗುತ್ತದೆ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಪಿನ್ ಹಾಕುವ ಮುಂಚೆ ಒಂದು ಹೆಸರು ಬರುತ್ತದಲ್ಲ, ಅದನ್ನು ಓದಿ. ಟ್ರಸ್ಟ್ ಹೆಸರಿನ ಬದಲು ವ್ಯಕ್ತಿಯ ಹೆಸರು ಬಂದರೆ ಕೊಡಬೇಡಿ. 'ಅಧ್ಯಕ್ಷರ ಖಾತೆ, ಆಮೇಲೆ ವರ್ಗ ಮಾಡುತ್ತೇವೆ' ಅನ್ನುವ ಮಾತಿಗೆ ಒಪ್ಪಬೇಡಿ.

ಪ್ರಶ್ನೆ (ನಂಜನಗೂಡು):
ಸರ್, ನಮ್ಮೂರಿನ ವಿಷಯವಾದ್ದರಿಂದ ಕೇಳುತ್ತಿದ್ದೇನೆ. ದೇವಸ್ಥಾನದ ದಾಸೋಹಕ್ಕೇ ಕೊಟ್ಟರೆ ಸುರಕ್ಷಿತ ಅಲ್ವಾ? ಹೊರಗಿನವರ ಉಸಾಬರಿ ಯಾಕೆ?

ಉತ್ತರ (ಆಡಿಟರ್):
ಸುರಕ್ಷಿತವೇ. ಶ್ರೀಕಂಠೇಶ್ವರ ದೇವಸ್ಥಾನ ಮುಜರಾಯಿ ಇಲಾಖೆಯ 'ಎ' ದರ್ಜೆಯದು, ಅಂದರೆ ವರ್ಷದ ಆದಾಯ 25 ಲಕ್ಷ ದಾಟಿದ್ದು. 1997ರ ಕಾಯ್ದೆ ಪ್ರಕಾರ ಲೆಕ್ಕ, ಆಡಿಟ್ ಎಲ್ಲಾ ಇದೆ. ಒಳಗಿನ ಕೌಂಟರ್‌ನಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ಜಾತ್ರೆಯ ದಿನ ರಸ್ತೆಯಲ್ಲಿ ಟೇಬಲ್ ಹಾಕಿಕೊಂಡು ರಸೀದಿ ಪುಸ್ತಕ ಹಿಡಿದು ಕೂತವರೆಲ್ಲ ದೇವಸ್ಥಾನದವರಲ್ಲ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ಕ್ಷೇತ್ರಗಳಲ್ಲಿ ಅನ್ನದಾನಕ್ಕೆ ಕೊಡುವ ಕೈ ಬಹಳ ಇವೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋದವರಿಗೆ ಗೊತ್ತು, ಪ್ರಸಾದ ಹಂಚುವವರು ಎಷ್ಟು ಜನ ಅಂತ. ಅದೇ ಒಬ್ಬ ಅಜ್ಜಿಯ ಬಿಪಿ ಮಾತ್ರೆಗೆ, ಡಯಾಪರ್‌ಗೆ, ಆಸ್ಪತ್ರೆಗೆ ಹೋಗುವ ಆಟೋಗೆ ದುಡ್ಡು ಕೊಡುವವರು ಸಿಗುವುದಿಲ್ಲ. ನಂಜುಂಡ ಕಾಯಿಲೆ ವಾಸಿ ಮಾಡುವ ದೇವರು ಅಂತ ಜನ ಹುಷಾರಿಲ್ಲದವರನ್ನು ಕರೆದುಕೊಂಡು ಬರುವ ಊರು ಅದು. ವೈದ್ಯಕೀಯ ಕೆಲಸ ಮಾಡುವವರಿಗೆ, ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಳ್ಳುವವರಿಗೆ ಕೊಟ್ಟರೆ ಆ ತಾಯಿಯ ಭಕ್ತಿಗೂ ಒಪ್ಪುತ್ತದೆ ಅನಿಸುತ್ತದೆ.

ಪ್ರಶ್ನೆ (ಶ್ರೀರಂಗಪಟ್ಟಣ):
ಪಶ್ಚಿಮವಾಹಿನಿಯಲ್ಲಿ ನಮ್ಮ ತಂದೆಯ ಅಸ್ಥಿ ಬಿಡಲು ಹೋದಾಗ ಒಬ್ಬರು ಬಂದು, 'ಹತ್ತು ಸಾವಿರ ಕಟ್ಟಿ, ಪ್ರತಿ ವರ್ಷ ತಿಥಿಯ ದಿನ ಶಾಶ್ವತವಾಗಿ ಅನ್ನದಾನ ಮಾಡಿಸುತ್ತೇವೆ' ಅಂದರು. ದುಃಖದಲ್ಲಿದ್ದೆವು, ಕಟ್ಟಿಬಿಟ್ಟೆವು. ಇದು ನಡೆಯುತ್ತದಾ ಸರ್?

ಉತ್ತರ (ಆಡಿಟರ್):
ಲೆಕ್ಕ ನೀವೇ ಹಾಕಿ ಸರ್. ಹತ್ತು ಸಾವಿರವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು ಶೇ 6.5 ಬಡ್ಡಿ ಬಂದರೆ ವರ್ಷಕ್ಕೆ 650 ರೂಪಾಯಿ. ಇವತ್ತು ಆ ದುಡ್ಡಿಗೆ ಎಷ್ಟು ಎಲೆ ಹಾಕಬಹುದು? ಹತ್ತು ವರ್ಷದ ಮೇಲೆ ಅಕ್ಕಿ, ಬೇಳೆ, ಗ್ಯಾಸ್ ಬೆಲೆ ಎಲ್ಲಿರುತ್ತದೆ? ಬಡ್ಡಿ ಮಾತ್ರ ಅಷ್ಟೇ ಇರುತ್ತದೆ.

ದತ್ತಿ ಇಟ್ಟ ಕಡೆ ಬ್ಯಾಲೆನ್ಸ್ ಶೀಟ್ ಕೇಳಿ ನೋಡಿ. ಎಡಗಡೆ 'ದತ್ತಿ ನಿಧಿ' ಅಥವಾ 'ಕಾರ್ಪಸ್ ಫಂಡ್' ಅಂತ ಇರುತ್ತದೆ. ಬಲಗಡೆ ಬ್ಯಾಂಕ್ ಠೇವಣಿ ಇರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಉದಾಹರಣೆಗೆ, ಎಡಗಡೆ 40 ಲಕ್ಷ ದತ್ತಿ ಇದ್ದು ಬಲಗಡೆ ಠೇವಣಿ ಬರೀ 6 ಲಕ್ಷ, ಕಟ್ಟಡ 30 ಲಕ್ಷ ಅಂತ ಇದ್ದರೆ, ನಿಮ್ಮ ದತ್ತಿ ಸಿಮೆಂಟ್ ಆಗಿದೆ ಅಂತ ಅರ್ಥ. ಕಟ್ಟಡ ಬಡ್ಡಿ ಕೊಡುವುದಿಲ್ಲ. ತಿಥಿಯ ದಿನದ ಊಟ ಬೇರೆಯವರು ಕೊಟ್ಟ ದಾನದಲ್ಲೇ ನಡೆಯಬೇಕು, ಅಥವಾ ನಿಲ್ಲಬೇಕು.

ದುಃಖದಲ್ಲಿ ಇರುವವರ ಹತ್ತಿರ ಅಲ್ಲೇ ನಿಂತು ದುಡ್ಡು ಕೇಳುವುದೇ ನನಗೆ ಸರಿ ಕಾಣುವುದಿಲ್ಲ. ರಸೀದಿ ಇದ್ದರೆ ಈ ಸಲದ ತಿಥಿಗೆ ಹದಿನೈದು ದಿನ ಮುಂಚೆ ಫೋನ್ ಮಾಡಿ, ನಾವೂ ಬರುತ್ತೇವೆ ಅಂತ ಹೇಳಿ. ಹೋಗಿಯೂ ಬನ್ನಿ.

ಪ್ರಶ್ನೆ (ವಿಜಯನಗರ, ಮೈಸೂರು):
ಮಗಳ ಹುಟ್ಟುಹಬ್ಬಕ್ಕೆ ಒಂದು ಮಕ್ಕಳ ಆಶ್ರಮದಲ್ಲಿ ಊಟ ಹಾಕಿಸಬೇಕು ಅಂತಿದ್ದೇವೆ. ಫೇಸ್‌ಬುಕ್‌ನಲ್ಲಿ ಮಕ್ಕಳ ಫೋಟೋ ತುಂಬಾ ಹಾಕುತ್ತಾರೆ, ಪಾರದರ್ಶಕವಾಗಿ ಇದ್ದಾರೆ ಅನಿಸಿತು.

ಉತ್ತರ (ಆಡಿಟರ್):
ಅದೇ ನನಗೆ ಅನುಮಾನ ತರುವ ವಿಷಯ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಪಾಲನೆ, ರಕ್ಷಣೆ ಬೇಕಾದ ಮಗುವಿನ ಗುರುತು ಬಹಿರಂಗ ಮಾಡುವಂತಿಲ್ಲ. ಮುಖ ಕಾಣುವ ಹಾಗೆ ಫೋಟೋ ಹಾಕಿ ದಾನ ಕೇಳುವವರಿಗೆ ಕಾಯ್ದೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಲೆಕ್ಕಕ್ಕಿಲ್ಲ. ಅದೇ ಕಾಯ್ದೆಯಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಣಿ ಆಗಿರಲೇಬೇಕು. ಟ್ರಸ್ಟ್ ನೋಂದಣಿ ಬೇರೆ, ಇದು ಬೇರೆ. ಆ ಪ್ರಮಾಣಪತ್ರ ತೋರಿಸಿ ಅನ್ನಿ, ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ನೋಂದಣಿ ಇಲ್ಲ ಅಂತ ಗೊತ್ತಾದರೆ ಸುಮ್ನೆ ಇರಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ.

ಪ್ರಶ್ನೆ (ಮಂಡ್ಯ):
ಅಣ್ಣ, ಗೋಶಾಲೆಗೆ ನೀವು ಏನೂ ಹೇಳಲಿಲ್ಲ. ನಾವು ಬೇಸಾಯದವರು, ಕಬ್ಬು ಕಡಿದಾಗ ಸೋಗೆ ಕಳಿಸುತ್ತೇವೆ. ಮಗ ಅಮೆರಿಕದಲ್ಲಿದ್ದಾನೆ, ಅವನೂ ದುಡ್ಡು ಹಾಕುತ್ತೇನೆ ಅಂತಾನೆ.

ಉತ್ತರ (ಆಡಿಟರ್):
ಸೋಗೆ ಕಳಿಸುವುದು ನಿಜವಾದ ಸಹಾಯ ಅಣ್ಣ, ಬೇಸಿಗೆಯಲ್ಲಿ ಮೇವಿಗೆ ತತ್ವಾರ. ಅದಕ್ಕೆ ತೆರಿಗೆ ವಿನಾಯಿತಿ ಮಾತ್ರ ಇಲ್ಲ, ವಸ್ತು ರೂಪದ ದಾನಕ್ಕೆ 80ಜಿ ಬರುವುದಿಲ್ಲ. ಗೋಶಾಲೆ ಅಳೆಯುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ದೊಡ್ಡ ಹಸುವಿಗೆ ದಿನಕ್ಕೆ 15-20 ಕೆಜಿ ಹಸಿ ಮೇವು, 5-6 ಕೆಜಿ ಒಣ ಹುಲ್ಲು ಬೇಕು ಅಂತಿಟ್ಟುಕೊಳ್ಳಿ. ನೂರು ರಾಸು ಇವೆ ಅಂತ ಬೋರ್ಡ್ ಹಾಕಿದವರ ಮೇವಿನ ಬಿಲ್ ಮೂವತ್ತು ರಾಸಿಗೂ ಸಾಲದಂತಿದ್ದರೆ, ಒಂದೋ ರಾಸು ಅಷ್ಟಿಲ್ಲ, ಇಲ್ಲವೇ ಇರುವವು ಹಸಿದಿವೆ. ಪಕ್ಕೆ ಎಲುಬು ನೋಡಿದರೆ ಗೊತ್ತಾಗುತ್ತದೆ.

ಮಗನ ವಿಷಯದಲ್ಲಿ ಜೋಪಾನ. ಅವರ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ, ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಬಹುದು, ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಆಗ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಹಣ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಣ್ಣ ಗೋಶಾಲೆಯ ಊರಿನ ಖಾತೆಗೆ ಹಾಕಿದರೆ ತೊಂದರೆ ಆಗುವುದು ಗೋಶಾಲೆಗೆ.

ಪ್ರಶ್ನೆ (ಕುವೆಂಪುನಗರ, ಮತ್ತೆ):
ಸರ್, ನೀವು ಹೇಳಿದ ಹಾಗೆ ಎರಡು ವೃದ್ಧಾಶ್ರಮಕ್ಕೆ ಫೋನ್ ಮಾಡಿದೆ. ಒಬ್ಬರು 'ನಂಬಿಕೆ ಇದ್ದರೆ ಕೊಡಿ, ಇಲ್ಲದಿದ್ದರೆ ಬಿಡಿ' ಅಂದರು. ಇನ್ನೊಬ್ಬರು ಸಂಜೆಯೊಳಗೆ ಮೂರು ವರ್ಷದ ವರದಿ ಕಳಿಸಿದರು, ಯಾವಾಗ ಬೇಕಾದರೂ ಬನ್ನಿ ಅಂದರು. ಪೂರ್ತಿ ಐವತ್ತು ಸಾವಿರ ಅವರಿಗೇ ಕೊಡಲಾ?

ಉತ್ತರ (ಆಡಿಟರ್):
ಮೊದಲು ಹೋಗಿ ಬನ್ನಿ. ಹಬ್ಬ, ಅಮಾವಾಸ್ಯೆ, ಭಾನುವಾರ ಬೇಡ. ಮಂಗಳವಾರವೋ ಬುಧವಾರವೋ, ಮಧ್ಯಾಹ್ನ ಊಟದ ಹೊತ್ತಿಗೆ. ಆಫೀಸಿನಲ್ಲಿ ಕೂತು ಆಲ್ಬಮ್ ನೋಡುವ ಬದಲು ಮಲಗುವ ಕೋಣೆ, ಬಚ್ಚಲು ನೋಡಿ. ಅಲ್ಲಿರುವ ಅಜ್ಜಿಯರ ಹತ್ತಿರ ಹತ್ತು ನಿಮಿಷ ಕೂತು ಮಾತಾಡಿ. ಔಷಧಿ ಡಬ್ಬದ ಮೇಲೆ ಅವರವರ ಹೆಸರು ಇದೆಯಾ ನೋಡಿ.

ಮನಸ್ಸಿಗೆ ಬಂದರೆ ಈ ವರ್ಷ ಹತ್ತು ಸಾವಿರದಿಂದ ಶುರು ಮಾಡಿ. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ, 2,000 ರೂಪಾಯಿ ಮೇಲಿನ ನಗದಿಗೆ 80ಜಿ ಸಿಗುವುದಿಲ್ಲ. ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಅದನ್ನೂ ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ. ರಸೀದಿ ಬಂದರೆ ಸಾಲದು. ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರ ಒಳಗೆ 10ಬಿಇ, ಅಂದರೆ 80ಜಿ ವಿನಾಯಿತಿಗೆ ಬೇಕಾದ ದಾನದ ಪ್ರಮಾಣಪತ್ರ, ಸಂಸ್ಥೆಯಿಂದ ಬರಬೇಕು. ಕೇಳದೇ ಕಳಿಸಿದರೆ ಉಳಿದ ಹಣ ಧೈರ್ಯವಾಗಿ ಕೊಡಿ.

ಮತ್ತೆ, ರಸೀದಿಯಲ್ಲಿ 'ಇಂಥವರ ನೆನಪಿಗಾಗಿ' ಅಂತ ತಾಯಿಯ ಹೆಸರು ಬರೆಸಿ, ಆದರೆ ಪ್ಯಾನ್ ಸಂಖ್ಯೆ ಹಣ ಕೊಟ್ಟವರದ್ದೇ ಇರಲಿ. ನೀವು, ನಿಮ್ಮ ತಂಗಿ ಸೇರಿ ಕೊಡುವುದಾದರೆ ಅವರವರ ಖಾತೆಯಿಂದ ಬೇರೆ ಬೇರೆ ಹಾಕಿ, ರಸೀದಿಯೂ ಎರಡು ಬರಲಿ.